ಹಳೆಯ ಸ್ಕೂಟರಿಗೆ ‘ಆನ್‌ಲೈನ್ ಚಾರ್ಜ್’: ಕಲಬುರಗಿಯಲ್ಲಿ ನಾನು ಕಳೆದುಕೊಂಡ 1,015 ರೂಪಾಯಿ

ಕಳೆದ ವಾರ ಅದೇ ಸ್ಕೂಟರಿನ ಜಾಹೀರಾತು ಮತ್ತೆ ಕಣ್ಣಿಗೆ ಬಿತ್ತು. ಅದೇ ಬೂದು ಬಣ್ಣ, ಬಲಗಡೆಯ ಕನ್ನಡಿಯಲ್ಲಿ ಅದೇ ಬಿರುಕು, ಅದೇ ಬೆಲೆ. ಕೆಳಗೆ ‘ಆನ್‌ಲೈನ್ ಚಾರ್ಜ್ ಪ್ರತ್ಯೇಕ’ ಎಂಬ ಸಾಲೊಂದು ಮಾತ್ರ ಹೊಸದಾಗಿ ಸೇರಿದೆ. ಎರಡು ತಿಂಗಳ ಹಿಂದೆ ನಾನು ನೋಡಿದಾಗ ಆ ಸಾಲು ಇರಲಿಲ್ಲ. ಇನ್ನೊಬ್ಬರು ಅದೇ ಗುಂಡಿಗೆ ಬೀಳುವ ಮೊದಲು, ನಮ್ಮ ಕಲಬುರಗಿ, ಬೀದರ್, ಯಾದಗಿರಿ ಕಡೆಗಳಲ್ಲಿ ಹಳೆಯ ಗಾಡಿ, ಫ್ರಿಜ್, ಹೊಲಿಗೆ ಯಂತ್ರಗಳನ್ನು ಖಾಸಗಿಯಾಗಿ ಕೊಳ್ಳುವವರಿಗೆ ತಿಳಿದಿರಲಿ ಎಂದು ನನ್ನ ಅನುಭವವನ್ನು ಬರೆಯುತ್ತಿದ್ದೇನೆ. ಮಾರುವವರ ಹೆಸರಾಗಲಿ ಗಾಡಿಯ ನಂಬರಾಗಲಿ ಇಲ್ಲಿ ಬರುವುದಿಲ್ಲ.

ಮಗಳು ಕಾಲೇಜಿಗೆ ಹೋಗಿಬರಲು ಒಂದು ಸ್ಕೂಟರ್ ಬೇಕಾಗಿತ್ತು. ಸೇಡಂ ರಸ್ತೆಯ ಕಡೆಯ ಒಂದು ಮನೆಯಲ್ಲಿ ಗಾಡಿ ಇದೆಯೆಂದು ತಿಳಿದು ಭಾನುವಾರ ಬೆಳಿಗ್ಗೆ ಹೋದೆ. ರಿಂಗ್ ರೋಡಿನವರೆಗೆ ಓಡಿಸಿ ನೋಡಿದೆ, ಇಂಜಿನ್ ಚೆನ್ನಾಗಿತ್ತು. 45,000 ಎಂದವರು ಚೌಕಾಸಿಯ ನಂತರ 42,000ಕ್ಕೆ ಒಪ್ಪಿದರು, ಅವರ ಮನೆಯವರು ಚಹಾ ಕೊಟ್ಟರು, ಸೋಮವಾರ ಆರ್‌ಟಿಒ ಕಚೇರಿಯ ಹತ್ತಿರ ಗಾಡಿಯ ಹೆಸರು ಬದಲಾವಣೆಯ ಫಾರ್ಮ್ 29 ಮತ್ತು 30ಕ್ಕೆ ಸಹಿ ಹಾಕಿ ಗಾಡಿ ಒಪ್ಪಿಸುವುದೆಂದು ಮಾತಾಯಿತು. ದುಡ್ಡನ್ನು ಮಾತ್ರ ಅಂದೇ ಹಾಕಬೇಕು, ಇಲ್ಲದಿದ್ದರೆ ಜೇವರ್ಗಿಯಿಂದ ಇನ್ನೊಬ್ಬರು ಬರುವವರಿದ್ದಾರೆ ಎಂದರು. ಆ ಇನ್ನೊಬ್ಬರು ನಿಜವಾಗಿ ಇದ್ದರೋ ಇಲ್ಲವೋ, ನನಗೆ ಈಗಲೂ ಅನುಮಾನ.

ನಾನು ಫೋನ್ ತೆಗೆದು ಯುಪಿಐ ನಂಬರ್ ಕೇಳಿದೆ. ಅವರು ನಂಬರ್ ಕೊಡದೆ ವಾಟ್ಸಾಪಿಗೆ ಒಂದು ಪೇಮೆಂಟ್ ಲಿಂಕ್ ಕಳಿಸಿದರು. ತೆರೆದರೆ ಅವರ ಹೆಂಡತಿಯ ತಮ್ಮನ ಅಂಗಡಿಯ ಹೆಸರು, ಅದರ ಕೆಳಗೆ 43,015 ರೂಪಾಯಿ. ಇದೇನು ಹೆಚ್ಚಿಗೆ ಬಂದಿದೆ ಎಂದು ಕೇಳಿದ್ದಕ್ಕೆ, “ಸರ್, ನಾ ಹೇಳಿದ್ದು ಕೈಯಾಗಿನ ರೇಟ್ ರಿ. ಆನ್‌ಲೈನ್ ಹಾಕಿದ್ರ ಕಂಪನಿಯವ್ರು ಎರಡ್ ಪರ್ಸೆಂಟ್ ಕಟ್ ಮಾಡ್ತಾರ, ಮ್ಯಾಲ ಜಿಎಸ್‌ಟಿ ಬ್ಯಾರೆ. ಅದು ತಗೊಳ್ಳೋರ ಮ್ಯಾಲೇ ಬರ್ತದ” ಎಂದರು. ಬೆಲೆ ಮುಗಿದು, ಚಹಾ ಕುಡಿದು, ಮಗಳಿಗೆ ಫೋನ್ ಮಾಡಿ ಗಾಡಿಯ ಬಣ್ಣ ಹೇಳಿಯೂ ಆದ ಮೇಲೆ ಸಾವಿರ ರೂಪಾಯಿಗೆ ಜಗಳ ಮಾಡಲು ನಾಚಿಕೆಯಾಯಿತು. ಲಿಂಕಿನಲ್ಲಿ ಯುಪಿಐ ಆಯ್ಕೆ ಒತ್ತಿ, ನನ್ನ ಉಳಿತಾಯ ಖಾತೆಯಿಂದಲೇ ಪೂರ್ತಿ ಮೊತ್ತ ಹಾಕಿಬಿಟ್ಟೆ.

43,015 ಎಂಬ ಅಂಕಿ ಎಲ್ಲಿಂದ ಬಂತೆಂಬುದು ಮನೆಗೆ ಬಂದು ಕಾಗದದ ಮೇಲೆ ಲೆಕ್ಕ ಮಾಡಿದಾಗಲೇ ತಿಳಿದದ್ದು. ಶೇ 2 ಶುಲ್ಕ, ಆ ಶುಲ್ಕದ ಮೇಲೆ ಶೇ 18 ಜಿಎಸ್‌ಟಿ, ಎರಡೂ ಸೇರಿ ಶೇ 2.36. ಅದನ್ನು 42,000ಕ್ಕೆ ಹಾಕಿದರೆ 991 ರೂಪಾಯಿ ಚಿಲ್ಲರೆ ಆಗುತ್ತದೆ. ಆದರೆ ಕಡಿತವೆಲ್ಲ ಆದ ಮೇಲೂ ತಮ್ಮ ಕೈಗೆ ಸರಿಯಾಗಿ 42,000 ಬರಬೇಕೆಂದು ಅವರು 42,000ವನ್ನು 0.9764ರಿಂದ ಭಾಗಿಸಿದ್ದರು, ಅಂದರೆ ಶುಲ್ಕದ ಹೊರೆಯ ಮೇಲೆ ಬೀಳುವ ಶುಲ್ಕವನ್ನೂ ನನ್ನ ತಲೆಗೇ ಕಟ್ಟಿದ್ದರು. ಇಷ್ಟು ಚೊಕ್ಕವಾಗಿ ಲೆಕ್ಕ ಹಾಕಿದವರಿಗೆ ಬೆಲೆ ಮಾತಾಡುವಾಗಲೇ ಅದನ್ನು ಹೇಳಲು ಮರೆತುಹೋಗಿತ್ತು ಎಂದು ನಂಬುವುದು ಕಷ್ಟ.

ಅಂದೇ ಸಂಜೆ ಮಗಳು ಎಂ-ಪರಿವಾಹನ್ ಆ್ಯಪಿನಲ್ಲಿ ಗಾಡಿಯ ನಂಬರ್ ಹಾಕಿ ನೋಡಿದಳು. ಸಾಲ ಕೊಟ್ಟ ಫೈನಾನ್ಸಿನ ಹೆಸರು ದಾಖಲೆಯಲ್ಲಿ ಹಾಗೆಯೇ ಇತ್ತು. ಸಾಲ ತೀರಿದ ಬಗ್ಗೆ ಫೈನಾನ್ಸಿನವರ ಎನ್‌ಒಸಿ ಮತ್ತು ಫಾರ್ಮ್ 35 ಇಲ್ಲದೆ ಆ ನಮೂದು ತೆಗೆಸಲು ಬರುವುದಿಲ್ಲ. ಈ ಕೆಲಸವನ್ನು ದುಡ್ಡು ಹಾಕುವ ಮೊದಲು ಮಾಡಬೇಕಾಗಿತ್ತು, ಅದು ನನ್ನದೇ ತಪ್ಪು. ಕೂಡಲೇ ಫೋನ್ ಮಾಡಿ ವ್ಯವಹಾರ ಬೇಡವೆಂದೆ. ಅವರು ಹೆಚ್ಚು ತಕರಾರು ಮಾಡಲಿಲ್ಲ. ಲಿಂಕಿನ ದುಡ್ಡು ಅಂಗಡಿಯ ಖಾತೆಗೆ ಇಳಿಯಲು ಎರಡು ಮೂರು ದಿನ ಬೇಕು, ಇಳಿದ ಕೂಡಲೇ ವಾಪಸ್ ಹಾಕಿಸುತ್ತೇನೆ ಎಂದರು. ಗೇಟ್‌ವೇ, ಅಂದರೆ ಇಂಥ ಪೇಮೆಂಟ್ ಲಿಂಕ್ ಕೊಡುವ ಕಂಪನಿಯ ಮೂಲಕ ಬಂದ ಹಣ ಸಾಮಾನ್ಯವಾಗಿ ಒಂದೆರಡು ಕೆಲಸದ ದಿನಗಳ ನಂತರವೇ ಅಂಗಡಿಯವರ ಕೈಸೇರುತ್ತದೆ ಎಂಬುದು ನಿಜವಾದ್ದರಿಂದ ಸುಮ್ಮನಾದೆ.

ಗುರುವಾರ ಮಧ್ಯಾಹ್ನ ಫೋನ್ ಟಿಂಗ್ ಎಂದಿತು. 42,000 ರೂಪಾಯಿ ಬಂದಿತ್ತು. ಮೆಸೇಜು ತೆರೆದು ನೋಡಿದೆ: ಹಣ ಬಂದದ್ದು ಆ ಲಿಂಕಿನ ಮೂಲಕ ಅಲ್ಲ, ಅಂಗಡಿಯ ಅದೇ ತಮ್ಮನ ಸ್ವಂತ ಯುಪಿಐ ಐಡಿಯಿಂದ, ನೇರವಾಗಿ ನನ್ನ ಖಾತೆಗೆ, ಒಂದು ಪೈಸೆಯೂ ಕಡಿತವಾಗದೆ. ಹೋಗುವಾಗ ಸಾವಿರದ ಹದಿನೈದು ರೂಪಾಯಿಯ ದಾರಿ, ಬರುವಾಗ ಪುಕ್ಕಟೆ ದಾರಿ. ಆ ಐಡಿಯನ್ನು ಭಾನುವಾರವೇ ನನಗೆ ಕೊಟ್ಟಿದ್ದರೆ ಚಾರ್ಜಿನ ಪ್ರಶ್ನೆಯೇ ಹುಟ್ಟುತ್ತಿರಲಿಲ್ಲ. ಉಳಿದ ಹಣ ಕೇಳಿದ್ದಕ್ಕೆ, “ಅದು ಕಂಪನಿಗೆ ಹೋಗ್ಯದ್ರಿ ಸರ್, ನಾ ಎಲ್ಲಿಂದ ತಂದ್ ಕೊಡ್ಲಿ?” ಎಂಬ ಉತ್ತರ ಬಂತು. ಗೇಟ್‌ವೇಯಿಂದಲೇ ರಿಫಂಡ್ ಒತ್ತಿದ್ದರೆ ನಾನು ಹಾಕಿದ ಪೂರ್ತಿ 43,015 ನನಗೆ ಬಂದು, ಶುಲ್ಕದ ನಷ್ಟ ಅಂಗಡಿಯವರಿಗೆ ತಗಲುತ್ತಿತ್ತು. ಅದಕ್ಕೇ ಅವರು ಆ ಗುಂಡಿ ಒತ್ತಲಿಲ್ಲ ಎಂದು ನನ್ನ ಊಹೆ. ಸ್ವಂತ ಖಾತೆ ಬಿಟ್ಟು ಅಂಗಡಿಯ ಲಿಂಕನ್ನು ಕೊಟ್ಟದ್ದಕ್ಕೂ, ಆ ಗಾಡಿಯ ಸಾಲದ ಕಂತುಗಳಿಗೂ ಸಂಬಂಧವಿರಬಹುದೆಂದು ಅನಿಸುತ್ತದೆ, ಆದರೆ ಅದಕ್ಕೆ ನನ್ನಲ್ಲಿ ಪುರಾವೆ ಇಲ್ಲ.

ಈಗ ಆ ‘ಎರಡ್ ಪರ್ಸೆಂಟ್’ ವಿಷಯ. ಒಬ್ಬರ ಬ್ಯಾಂಕ್ ಖಾತೆಯಿಂದ ಇನ್ನೊಬ್ಬರ ಖಾತೆಗೆ ಯುಪಿಐನಲ್ಲಿ ಹಣ ಹಾಕಿದರೆ ಕಳಿಸುವವರಿಗೂ ಪಡೆಯುವವರಿಗೂ ಶುಲ್ಕವಿಲ್ಲ. ಅಂಗಡಿಗಳ ಮಟ್ಟದಲ್ಲಿಯೂ 2020ರ ಜನವರಿ 1ರಿಂದ ಯುಪಿಐ ಮತ್ತು ರುಪೇ ಡೆಬಿಟ್ ಕಾರ್ಡಿಗೆ ಎಂಡಿಆರ್, ಅಂದರೆ ವ್ಯಾಪಾರಿಯಿಂದ ಬ್ಯಾಂಕು ಹಿಡಿಯುವ ಶುಲ್ಕ, ಸೊನ್ನೆ. ಪೇಮೆಂಟ್ ಅಂಡ್ ಸೆಟಲ್‌ಮೆಂಟ್ ಸಿಸ್ಟಮ್ಸ್ ಕಾಯ್ದೆಯ 10ಎ ಕಲಮು ಇದಕ್ಕೆ ಆಧಾರ. ಉಳಿತಾಯ ಖಾತೆಯವರು ಆನ್‌ಲೈನ್‌ನಲ್ಲಿ ಮಾಡುವ ನೆಫ್ಟ್‌ಗೂ ಅದೇ ದಿನಾಂಕದಿಂದ ಶುಲ್ಕವಿಲ್ಲ. ಇತರ ಡೆಬಿಟ್ ಕಾರ್ಡುಗಳಿಗೆ ರಿಸರ್ವ್ ಬ್ಯಾಂಕು 2018ರ ಜನವರಿಯಿಂದ ಮಿತಿ ಹಾಕಿದೆ: ವರ್ಷಕ್ಕೆ 20 ಲಕ್ಷದವರೆಗಿನ ವಹಿವಾಟಿನ ಸಣ್ಣ ವ್ಯಾಪಾರಿಗೆ ಶೇ 0.40, ಅದೂ 200 ರೂಪಾಯಿ ಮೀರದಂತೆ. ನಾನು ಆ 42,000ವನ್ನು ಅಂತಹ ಕಾರ್ಡಿನಿಂದ ಕಟ್ಟಿದ್ದರೂ ಈ ಎಂಡಿಆರ್ 168 ರೂಪಾಯಿ, ಜಿಎಸ್‌ಟಿ ಸೇರಿ 198 ರೂಪಾಯಿಯ ಆಸುಪಾಸಿನಲ್ಲಿ ನಿಲ್ಲುತ್ತಿತ್ತು.

ಶೇ 2ರ ಮಾತು ಪೂರ್ತಿ ಸುಳ್ಳೂ ಅಲ್ಲ. ಕ್ರೆಡಿಟ್ ಕಾರ್ಡಿಗೆ ಸುಮಾರು ಆ ಮಟ್ಟದ ಶುಲ್ಕ ಇರುತ್ತದೆ, ಪೇಮೆಂಟ್ ಲಿಂಕ್ ಕೊಡುವ ಕಂಪನಿಗಳು ತಮ್ಮ ಸೇವೆಗೆಂದು ಅಂಗಡಿಯವರಿಂದ ಬೇರೆಯಾಗಿ ಹಣ ಹಿಡಿಯುವುದೂ ಉಂಟು. ಆದರೆ ಅದು ಹಣ ಪಡೆಯುವವರು ತಮ್ಮ ಅನುಕೂಲಕ್ಕೆ ಮಾಡಿಕೊಂಡ ಒಪ್ಪಂದ. ಕೊಳ್ಳುವವರೇ ಕ್ರೆಡಿಟ್ ಕಾರ್ಡಿನಿಂದ ಕಟ್ಟುತ್ತೇನೆಂದು ಹಟ ಹಿಡಿದರೆ, ಶುಲ್ಕ ಯಾರದು ಎಂದು ಮೊದಲೇ ಮಾತಾಡಿಕೊಳ್ಳುವುದರಲ್ಲಿ ತಪ್ಪಿಲ್ಲ. ನಾನು ಕಾರ್ಡ್ ಕೇಳಿರಲಿಲ್ಲ, ಲಿಂಕನ್ನೂ ಕೇಳಿರಲಿಲ್ಲ. ನಮ್ಮ ಓಣಿಯ ಒಬ್ಬರು ವಾಟ್ಸಾಪಿನಲ್ಲಿ ತೊಗರಿ ಬೇಳೆ ಆರ್ಡರ್ ಹಿಡಿಯುತ್ತಾರೆ; ಅವರೂ ಕ್ಯೂಆರ್ ಕೋಡ್ ಕಳಿಸಿ, ಅದರ ಮೇಲೆ ‘ಆನ್‌ಲೈನ್ ಖರ್ಚು’ ಎಂದು ಕಿಲೋಗೆ ಎರಡು ರೂಪಾಯಿ ಸೇರಿಸುತ್ತಿದ್ದರು. ಯಾಕ್ರೀ ಎಂದು ಕೇಳಿದರೆ ಎಲ್ಲರೂ ಹಿಡಿಯುತ್ತಾರಲ್ಲ ಎಂದರು, ತಮಗೆ ಎಷ್ಟು ಕಡಿತವಾಗುತ್ತದೆಂದು ಅವರಿಗೇ ಗೊತ್ತಿರಲಿಲ್ಲ.

ದೂರು ಕೊಡುವ ದಾರಿಯನ್ನೂ ನೋಡಿದೆ. ಹಣವನ್ನು ನೀವೇ ಪಿನ್ ಹಾಕಿ ಕಳಿಸಿದ್ದೀರಿ, ವಹಿವಾಟು ವಿಫಲವಾಗಿಲ್ಲ, ನಮ್ಮಿಂದ ಏನೂ ಆಗುವುದಿಲ್ಲ ಎಂದು ಬ್ಯಾಂಕಿನವರು ಹೇಳಿದರು, ಅವರ ಮಾತು ಸರಿಯೇ. ಪರಿಚಯದ ವಕೀಲರನ್ನು ಕೇಳಿದೆ. ವ್ಯಾಪಾರಿಯಲ್ಲದವರು ತಮ್ಮ ಸ್ವಂತ ಗಾಡಿ ಮಾರಿದ ವ್ಯವಹಾರವನ್ನು ಗ್ರಾಹಕರ ಆಯೋಗದ ಮುಂದೆ ನಿಲ್ಲಿಸುವುದು ಕಷ್ಟ, 1,015 ರೂಪಾಯಿಗೆ ಸಿವಿಲ್ ದಾವೆ ಹೂಡಿದರೆ ಚಹಾಪುಡಿಗಿಂತ ಸಕ್ಕರೆಯೇ ಹೆಚ್ಚಾಗುತ್ತದೆ ಎಂದು ನಕ್ಕರು. 1930 ಸಹಾಯವಾಣಿ ಇರುವುದು ಸೈಬರ್ ವಂಚನೆಗೆ. ನಾನು ಕಣ್ಣಾರೆ ಅಂಕಿ ನೋಡಿ ಒಪ್ಪಿ ಕಟ್ಟಿದ್ದನ್ನು ವಂಚನೆ ಎನ್ನಲು ನನಗೇ ಬಾಯಿ ಬರಲಿಲ್ಲ. ಮಾತು ಮುಗಿದ ಮೇಲೆ ಸೇರುವ ಈ ಚಾರ್ಜಿನ ಗುಣವೇ ಅದು: ದೂರಿಗೆ ತೀರಾ ಚಿಕ್ಕದು, ಮರೆಯಲು ತುಸು ದೊಡ್ಡದು.

ಆದ್ದರಿಂದ ಬೆಲೆ ಕುದುರಿಸುವಾಗಲೇ, ಎಲ್ಲಾ ಸೇರಿ ನನ್ನ ಖಾತೆಯಿಂದ ಹೋಗುವ ಒಟ್ಟು ಎಷ್ಟು ಎಂದು ಕೇಳಿ, ಆ ಅಂಕಿಯನ್ನು ವಾಟ್ಸಾಪಿನಲ್ಲಿ ಬರೆಸಿಕೊಳ್ಳಿ. ಹಣವನ್ನು ಆರ್‌ಸಿಯಲ್ಲಿ ಹೆಸರಿರುವವರ ಖಾತೆಗೇ ಹಾಕಿ. ಅಳಿಯ, ಮೈದುನ, ಅಂಗಡಿ ಎಂದು ಬೇರೆ ಹೆಸರಿನ ಲಿಂಕ್ ಬಂದರೆ ಕಾರಣ ಕೇಳಿ, ಕಾರಣ ಸರಿ ಬರದಿದ್ದರೆ ಎದ್ದು ಬನ್ನಿ, ಚಹಾ ಕುಡಿದ ಮುಲಾಜಿಗೆ ಬೀಳಬೇಡಿ. ವ್ಯವಹಾರ ಮುರಿದರೆ ಪೂರ್ತಿ ಮೊತ್ತ ವಾಪಸ್ ಎಂಬ ಒಂದು ಸಾಲನ್ನೂ ಅದೇ ಮೆಸೇಜಿನಲ್ಲಿ ಸೇರಿಸಿ.

ಕೊನೆಗೆ ಶಹಾಬಾದಿನ ನಿವೃತ್ತ ಮಾಸ್ತರರೊಬ್ಬರ ಸ್ಕೂಟರನ್ನು 38,500ಕ್ಕೆ ಕೊಂಡೆ. ಆ್ಯಪಿನಲ್ಲಿ ಸಾಲದ ನಮೂದು ಇಲ್ಲವೆಂದು ನೋಡಿಕೊಂಡು, ಮೊದಲು ಒಂದು ರೂಪಾಯಿ ಕಳಿಸಿದೆ. ಪರದೆಯ ಮೇಲೆ ಬಂದ ಹೆಸರು ಆರ್‌ಸಿಯ ಹೆಸರಿಗೆ ಹೊಂದಿದ ಮೇಲೆ ಉಳಿದ 38,499 ಹಾಕಿದೆ. ಮಾಸ್ತರರು ಕನ್ನಡಕ ಏರಿಸಿಕೊಂಡು ರಸೀದಿ ಬರೆದರು, ಎರಡು ವಹಿವಾಟಿನ ನಂಬರುಗಳನ್ನೂ ಬೇರೆಬೇರೆಯಾಗಿ ನಮೂದಿಸಿ, ಆ ಒಂದು ರೂಪಾಯಿಯ ಎದುರಿಗೂ ಸಹಿ ಹಾಕಿದರು.