ಪ್ಯಾಕೆಟ್ ಮಾಲ್ಟ್, ಬಾರ್ಲಿ ಮಾಲ್ಟ್, ನಮ್ಮ ಮನೆ ರಾಗಿ ಮಾಲ್ಟ್

ಮೊದಲೇ ಹೇಳಿಬಿಡ್ತೀನಿ, ನನ್ನ ಓಟು ಮನೆಯಲ್ಲಿ ಮೊಳಕೆ ಕಟ್ಟಿದ ರಾಗಿಗೆ. ಅಲ್ಲಿಗೆ ಬರೋಷ್ಟರಲ್ಲಿ ಎರಡು ಸಲ ದುಡ್ಡು ದಂಡವಾಗಿತ್ತು.

ಅಪ್ಪನಿಗೆ ಈಗ ಗಟ್ಟಿ ಗಂಜಿ ಸೇರುವುದಿಲ್ಲ. ನೀರು ಜಾಸ್ತಿ ಮಾಡಿದರೆ ಒಂದು ಗಂಟೆಗೆಲ್ಲ ಹಸಿವು ಅಂತಾರೆ. ಒಂದು ಚಮಚ ಒಳ್ಳೆ ಮಾಲ್ಟ್ ಹಿಟ್ಟು, ಅಂದರೆ ಮೊಳಕೆ ಬರಿಸಿ ಒಣಗಿಸಿದ ಕಾಳಿನ ಹಿಟ್ಟು, ಬೆರೆಸಿದರೆ ಅದೇ ಗಂಜಿ ತೆಳ್ಳಗಾಗುತ್ತದೆ, ಹಿಟ್ಟು ಕಮ್ಮಿ ಮಾಡಬೇಕಿಲ್ಲ.

ಮೊದಲು ಹೊಸೂರಿನ ಅಂಗಡಿಯೊಂದರಲ್ಲಿ ಪ್ಯಾಕೆಟ್ ತಂದೆ. ಮುಂದೆ ದಪ್ಪ ಅಕ್ಷರದಲ್ಲಿ 'ರಾಗಿ ಮಾಲ್ಟ್'. ಹಿಂದೆ ಓದಿದರೆ ಹುರಿದ ರಾಗಿ ಹಿಟ್ಟು, ಸಕ್ಕರೆ, ಏಲಕ್ಕಿ. ಮೊಳಕೆಯ ಸುದ್ದಿಯೇ ಇಲ್ಲ. ಗಂಜಿ ಇನ್ನೂ ಗಟ್ಟಿಯಾಯಿತು.

ಆಮೇಲೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ. ಬಿಯರ್ ಮಾಡುವವರು ಬೇಸ್ ಮಾಲ್ಟ್ ಅಂತಾರಲ್ಲ, ಅದೇ. ಬಿಯರಿನ ಆಸೆಯಿಂದಲ್ಲ, ಲೈಸೆನ್ಸ್ ಇಲ್ಲದೆ ಮನೆಯಲ್ಲಿ ಅದನ್ನು ಮಾಡುವಂತೆಯೂ ಇಲ್ಲ. ಆನ್‌ಲೈನಲ್ಲಿ ಒಂದು ಕೆ.ಜಿ. ತರಿಸಿದ ದುಡ್ಡಿಗೆ ಮೂರ್ನಾಲ್ಕು ಕೆ.ಜಿ. ರಾಗಿ ಬರುತ್ತಿತ್ತು. ಕೆಲಸ ಮಾತ್ರ ಜೋರು: ಗಂಜಿ ಹತ್ತೇ ನಿಮಿಷಕ್ಕೆ ನೀರಾಯಿತು, ಬೆಲ್ಲ ಹಾಕದೆಯೂ ಸಿಹಿ. ಆದರೆ ಸಿಪ್ಪೆ! ಮಿಕ್ಸಿಗೆ ಹಾಕಿ ಎರಡು ಸಲ ಜರಡಿ ಹಿಡಿದರೂ ಉಳಿಯಿತು. ಅಪ್ಪ ಎರಡು ಗುಟುಕು ಕುಡಿದು, "ಏನೋ ಇದು, ಭತ್ತದ ಹೊಟ್ಟು ಹಾಕಿದ್ದೀಯಾ?" ಅಂದರು.

ಕೊನೆಗೆ ಮನೆಯದೇ. ರಾತ್ರಿ ನೆನೆಸಿ, ಬೆಳಿಗ್ಗೆ ಹಳೆ ಪಂಚೆ ತುಂಡಿನಲ್ಲಿ ಗಂಟು ಕಟ್ಟಿ, ಎರಡು ದಿನ ಆಗಾಗ ನೀರು ಚಿಮುಕಿಸಿದೆ. ಬಿಳಿ ಬೇರು ಒಂದಕ್ಕೊಂದು ಹೆಣೆದುಕೊಂಡು, ಗಂಟು ಬಿಚ್ಚಿದರೆ ರಾಗಿ ಚಾಪೆಯ ಹಾಗೆ ಎದ್ದು ಬಂತು. ಬಿಸಿಲಿಗೆ ಒಣಗಿಸಿ, ಅಂಗೈಯಲ್ಲಿ ಉಜ್ಜಿ, ಮೊರದಲ್ಲಿ ಕೇರಿದೆ.

ಇಲ್ಲೇ ಎಡವಿದ್ದು. ದೊಡ್ಡಮ್ಮ "ಘಮ ಬರೋವರೆಗೂ ಹುರಿ" ಅಂದರು. ಹುರಿದೆ. ಮನೆಯೆಲ್ಲ ಘಮ. ಗಂಜಿಗೆ ಹಾಕಿದರೆ ಮುದ್ದೆಯ ತಮ್ಮ! ರಾಗಿಯೇ ಸರಿಯಿಲ್ಲ ಅಂದುಕೊಂಡು ಬೇರೆ ಕಡೆ ತಂದೆ, ಮತ್ತೆ ಹುರಿದೆ, ಮತ್ತೆ ಅದೇ ಕಥೆ.

ರಾಗಿಯದು ತಪ್ಪಲ್ಲ. ಗಂಜಿಯನ್ನು ತೆಳ್ಳಗೆ ಮಾಡುವುದು ಮೊಳಕೆಯಲ್ಲಿ ಹುಟ್ಟುವ ಅಮೈಲೇಸ್ ಎಂಬ ಕಿಣ್ವ. ಬಾಣಲೆಯ ಬಿಸಿಗೆ ಅದು ಉಳಿಯುವುದಿಲ್ಲ. ಬೇಸ್ ಮಾಲ್ಟನ್ನು ಹದವಾಗಿ ಒಣಗಿಸುವುದೂ ಇದಕ್ಕೇ. ಬಿಯರಿನ ಬಣ್ಣಕ್ಕೆ ಹಾಕುವ ಕಪ್ಪು ಮಾಲ್ಟನ್ನು ಹುರಿದಿರುತ್ತಾರೆ, ಅದರಲ್ಲಿ ಈ ಶಕ್ತಿ ಇರುವುದಿಲ್ಲ. ಅಂದರೆ ಪ್ಯಾಕೆಟ್ಟಿನವರನ್ನು ಬೈದುಕೊಂಡು ನಾನೂ ಹುರಿಹಿಟ್ಟನ್ನೇ ಮಾಡುತ್ತಿದ್ದೆ.

ಈಗ ಮೊಳಕೆ ರಾಗಿಯನ್ನು ಹುರಿಯದೆ ಬೀಸಿಸುತ್ತೇನೆ. ಮಾಮೂಲಿ ಹಿಟ್ಟಿನ ಗಂಜಿ ಕುದಿಸಿ ಇಳಿಸಿ, ಥರ್ಮಾಮೀಟರ್ 65 ಡಿಗ್ರಿ ತೋರಿಸಿದಾಗ ಒಂದು ಚಮಚ ಮಾಲ್ಟ್ ಹಾಕಿ ತಿರುವುತ್ತೇನೆ. ನಿಂತಿದ್ದ ಸೌಟು ಮೆಲ್ಲಗೆ ಪಾತ್ರೆಯ ಅಂಚಿಗೆ ವಾಲುತ್ತದೆ. ಆಮೇಲೆ ಇನ್ನೊಂದು ಕುದಿ. ಬಾರ್ಲಿಯಷ್ಟು ಚುರುಕಿಲ್ಲ, ಅರ್ಧ ಗಂಟೆ ಬಿಡಬೇಕು. ನನಗೇನೂ ಅವಸರವಿಲ್ಲ.

ಟೈಮೇ ಇಲ್ಲದವರು ಬಾರ್ಲಿ ತರಿಸಿ ಬಟ್ಟೆಯಲ್ಲಿ ಸೋಸಿಕೊಳ್ಳಿ. ನವೆಂಬರಿನ ಮೋಡದಲ್ಲಿ ಮಾತ್ರ ನಾನು ರಾಗಿ ನೆನೆಸುವುದಿಲ್ಲ. ಹೋದ ವರ್ಷ ಮೂರು ದಿನ ಬಿಸಿಲೇ ಬರದೆ, ಮುಗ್ಗಲು ಹಿಡಿದು ಎರಡು ಸೇರು ತಿಪ್ಪೆಗೆ ಹೋಯಿತು.