ಡ್ರಾಯಿಂಗ್ ಮೇಲೆ ಸೀಲ್ ಇದೆ ಅಂತ ನೆಚ್ಚಿಕೊಂಡು ಕಾಂಕ್ರೀಟ್ ಹಾಕಿಸಬೇಡಿ

ಮನೆ ಕಟ್ಟಿಸುತ್ತಿರುವವರು ದಯವಿಟ್ಟು ಸ್ಲ್ಯಾಬ್ ಹಾಕುವ ಮೊದಲೇ ಇದನ್ನು ಓದಿ. ನಿಮ್ಮ ಸ್ಟ್ರಕ್ಚರಲ್ ಡ್ರಾಯಿಂಗ್ ಮೇಲೆ ಎಂಜಿನಿಯರ್ ಸೀಲ್, ಸಹಿ, ನೋಂದಣಿ ಸಂಖ್ಯೆ ಎಲ್ಲವೂ ಇರಬಹುದು. ಆ ಎಂಜಿನಿಯರ್ ನಿಮ್ಮ ಮನೆ ಹೊರಬೇಕಾದ ಭಾರದ, ಅದಕ್ಕೆ ಬೇಕಾದ ಕಂಬಿಯ ಲೆಕ್ಕ ಮಾಡಿದ್ದಾರಾ ಅನ್ನುವುದನ್ನು ಬೇರೆಯಾಗಿಯೇ ವಿಚಾರಿಸಬೇಕು. ನಮ್ಮ ಮನೆಗೆ ಸೀಲ್ ಹಾಕಿದವರು ಲೆಕ್ಕ ಮಾಡಿರಲಿಲ್ಲ. ಅದು ಗೊತ್ತಾಗಿದ್ದು ಬಾಲ್ಕನಿ ಬಾಗತೊಡಗಿದ ಮೇಲೆ.

ನಮ್ಮದು ಎರಡು ಅಂತಸ್ತಿನ ಮನೆ. ಪ್ಲಾನ್, ಸ್ಟ್ರಕ್ಚರ್, ಅನುಮತಿ ಎಲ್ಲ ತಮ್ಮ ಜವಾಬ್ದಾರಿ ಎಂದು ಕಂಟ್ರಾಕ್ಟರ್ ಒಪ್ಪಿಕೊಂಡಿದ್ದರು. ಡ್ರಾಯಿಂಗ್ ಬಂತು, ಕೆಳಗೆ ಬಲಮೂಲೆಯಲ್ಲಿ ದುಂಡು ಸೀಲ್ ಇತ್ತು, ಕೆಲಸ ಶುರುವಾಯಿತು. ಎಂಜಿನಿಯರ್ ಒಮ್ಮೆಯೂ ಜಾಗಕ್ಕೆ ಬರಲಿಲ್ಲ.

ವಾಸಕ್ಕೆ ಬಂದ ಸ್ವಲ್ಪ ಕಾಲದ ಮೇಲೆ ಮೊದಲ ಮಹಡಿಯ ಬಾಲ್ಕನಿಯಲ್ಲಿ, ಗೋಡೆಗೆ ಅಂಟಿಕೊಂಡ ಹಾಗೆ, ಟೈಲ್ಸ್ ಸಂದಿನ ಉದ್ದಕ್ಕೂ ಕೂದಲೆಳೆಯಷ್ಟು ಬಿರುಕು ಕಂಡಿತು. ಮೇಸ್ತ್ರಿ ಬಂದು ಬಿಳಿ ಸಿಮೆಂಟ್ ತುಂಬಿ ಹೋದರು. ಬಿರುಕು ಅದೇ ಜಾಗದಲ್ಲಿ ಮತ್ತೆ ಬಾಯಿಬಿಟ್ಟಿತು. ಅದಕ್ಕಿಂತ ಹೆದರಿಸಿದ್ದು ನೀರು. ನೀರು ಹೋಗುವ ಪೈಪ್ ಗೋಡೆಯ ಕಡೆಗಿದೆ, ಇಳಿಜಾರನ್ನೂ ಆ ಕಡೆಗೇ ಕೊಟ್ಟಿದ್ದರು. ಈಗ ಮಳೆ ಬಂದರೆ ನೀರು ಹೊರಗಿನ ಕಂಬಿಬೇಲಿಯ ಬುಡದಲ್ಲಿ ನಿಲ್ಲುತ್ತಿತ್ತು. ಅಂದರೆ ಹೊರ ಅಂಚು ಕೆಳಗಿಳಿದಿತ್ತು.

ಕಂಟ್ರಾಕ್ಟರ್‌ಗೆ ಸಂಬಂಧವೇ ಇಲ್ಲದ ಇನ್ನೊಬ್ಬ ಸ್ಟ್ರಕ್ಚರಲ್ ಎಂಜಿನಿಯರ್‌ರನ್ನು ಕರೆಸಿದೆವು. ಆ ಮೇಡಂ ಬಿರುಕು ನೋಡುವ ಮೊದಲು ಡ್ರಾಯಿಂಗ್ ಕೇಳಿದರು. ಮೇಜಿನ ಮೇಲೆ ಹರಡಿಕೊಂಡು ಬಹಳ ಹೊತ್ತು ಓದಿದರು. ಆಮೇಲೆ ಕಾಲಂ ಪಟ್ಟಿಯ (ಮನೆಯ ಕಂಬಗಳಿಗೆ ಸಿ-1, ಸಿ-2 ಎಂದು ಹೆಸರಿಟ್ಟ ಪಟ್ಟಿ) ಮೇಲೆ ಬೆರಳಿಟ್ಟು, "ಇಲ್ಲಿ ಸಿ-9ರವರೆಗೆ ಇದೆ. ನಿಮ್ಮ ಪ್ಲಾನ್‌ನಲ್ಲಿ ಸಿ-7ಕ್ಕೇ ಮುಗಿಯುತ್ತದೆ. ಇದು ಬೇರೆ ಯಾರದೋ ಮನೆಯ ಪಟ್ಟಿ" ಅಂದರು.

ಅಲ್ಲಿಂದ ಒಂದೊಂದೇ ಹೊರಬಂತು. ಪಾಯದ ಟಿಪ್ಪಣಿಯಲ್ಲಿ "ಮಣ್ಣು ಪರೀಕ್ಷೆಯ ವರದಿಯ ಪ್ರಕಾರ" ಎಂದು ಬರೆದಿತ್ತು. ನಮ್ಮ ಜಾಗದಲ್ಲಿ ಯಾರೂ ಮಣ್ಣು ಪರೀಕ್ಷೆ ಮಾಡಿರಲೇ ಇಲ್ಲ. ಮನೆಯ ಪ್ಲಾನ್‌ನಲ್ಲಿ ಬಾಲ್ಕನಿ 5 ಅಡಿ ಚಾಚಿದೆ. ಸ್ಟ್ರಕ್ಚರಲ್ ಡ್ರಾಯಿಂಗ್‌ನಲ್ಲಿ ಬಾಲ್ಕನಿಯ ಸೆಕ್ಷನ್ನೇ (ಅಡ್ಡ ಕೊಯ್ದಂತೆ ಒಳಗಿನ ಕಂಬಿ ತೋರಿಸುವ ಚಿತ್ರ) ಇಲ್ಲ, 3 ಅಡಿಯ ಸಜ್ಜಾ ಒಂದರ ಸೆಕ್ಷನ್ ಇದೆ. ಕಂಬಿ ಕಟ್ಟುವವರು ಕೈಗೆ ಸಿಕ್ಕ ಆ ಸಜ್ಜಾದ ಕಂಬಿಯನ್ನೇ ಬಾಲ್ಕನಿಗೂ ಕಟ್ಟಿದ್ದರು.

3 ಅಡಿ 5 ಅಡಿಯಾದರೆ ಎಷ್ಟು ವ್ಯತ್ಯಾಸ ಅನ್ನುವುದನ್ನು ಮನೆ ಕಟ್ಟಿಸುವವರೆಲ್ಲ ತಿಳಿದಿರಬೇಕು. ಚಾಚಿದ ಸ್ಲ್ಯಾಬನ್ನು ಬುಡದಲ್ಲಿ ಬಗ್ಗಿಸುವ ಒತ್ತಡ ಉದ್ದದ ವರ್ಗದಂತೆ ಏರುತ್ತದೆ. ಪ್ರತಿ ಚದರಡಿಗೆ ಭಾರ ಅಷ್ಟೇ ಇದ್ದರೂ 3 ಅಡಿಯಿಂದ 5 ಅಡಿಗೆ ಹೋದಾಗ ಅದು ಸುಮಾರು 2.8 ಪಟ್ಟಾಗುತ್ತದೆ. ದಪ್ಪ ಬದಲಿಸದಿದ್ದರೆ ತುದಿ ಬಾಗುವ ಪ್ರಮಾಣ ಏಳೂವರೆ ಪಟ್ಟು ದಾಟುತ್ತದೆ. ಅದೂ ಅಲ್ಲದೆ ಕೋಣೆಯ ಸ್ಲ್ಯಾಬ್ ನಡುವೆ ಜಗ್ಗುವಾಗ ಅದರ ತಳ ಹಿಗ್ಗುತ್ತದೆ, ಹಾಗಾಗಿ ಅಲ್ಲಿ ಕಂಬಿ ಕೆಳಗಿರಬೇಕು. ಬಾಲ್ಕನಿಯಲ್ಲಿ ಹಿಗ್ಗುವುದು ಮೇಲ್ಭಾಗ, ಮುಖ್ಯ ಕಂಬಿ ಮೇಲೇ ಇರಬೇಕು, ಒಳಗಿನ ಸ್ಲ್ಯಾಬಿಗೆ ಸಾಕಷ್ಟು ದೂರ ಹೊಕ್ಕಿರಬೇಕು. ಕಾಂಕ್ರೀಟು ಹಿಸುಕಿದರೆ ತಡೆಯುತ್ತದೆ, ಎಳೆದರೆ ಸೀಳುತ್ತದೆ. ನಮ್ಮ ಬಿರುಕು ಗೋಡೆಯ ಪಕ್ಕ, ಮೇಲ್ಮೈಯಲ್ಲೇ ಬಂದದ್ದು ಈ ಕಾರಣಕ್ಕೆ.

ಮೇಡಂ ಕಂಬಿ ಪತ್ತೆಹಚ್ಚುವ ಉಪಕರಣ ತಂದು ನೆಲದ ಮೇಲೆ ಎಳೆದು ಗುರುತು ಹಾಕಿದರು, ಒಂದು ಕಡೆ ಸಣ್ಣಗೆ ಒಡೆದೂ ನೋಡಿದರು. 5 ಇಂಚು ದಪ್ಪದ ಸ್ಲ್ಯಾಬಿನಲ್ಲಿ ಮೇಲಿನ ಕಂಬಿ ತಳದಿಂದ ಸುಮಾರು 4 ಇಂಚು ಎತ್ತರದಲ್ಲಿರಬೇಕಿತ್ತು, 2 ಇಂಚಿನಲ್ಲಿತ್ತು. ಮೇಲಿನ ಕಂಬಿಯನ್ನು ಎತ್ತಿ ಹಿಡಿಯುವ ಚೇರ್ (ಬಗ್ಗಿಸಿದ ಕಂಬಿಯ ಆಸರೆ) ಇಡದೆ ಕಟ್ಟಿದ್ದಾರೆ, ಕಾಂಕ್ರೀಟ್ ಹಾಕುವಾಗ ಮೇಲೆ ಓಡಾಡಿ ತುಳಿದಿದ್ದಾರೆ. ಅಷ್ಟರಲ್ಲೇ ಅದರ ತಾಕತ್ತು ಅರ್ಧಕ್ಕಿಂತ ಕಡಿಮೆಯಾಗಿತ್ತು.

ನ್ಯಾಯವಾಗಿ ಹೇಳಬೇಕೆಂದರೆ ಕಂಬಿ ತುಳಿದದ್ದು ಸೈಟಿನವರ ತಪ್ಪು. ಸೈಟ್ ತಪಾಸಣೆಗೆ ಎಂಜಿನಿಯರ್‌ರನ್ನು ನೇಮಿಸದಿದ್ದರೆ ಅದನ್ನು ಅವರ ತಲೆಗೆ ಕಟ್ಟುವುದು ಸರಿಯಲ್ಲ. ಡ್ರಾಯಿಂಗ್ ಬಿಟ್ಟು ತಮಗೆ ತೋಚಿದಂತೆ ಕಟ್ಟಿದರೂ ಅಷ್ಟೇ. ಆದರೆ ಬಾಲ್ಕನಿಯ ಸೆಕ್ಷನ್ ಇಲ್ಲದ ಹಾಳೆಗೆ, ಬೇರೆ ಮನೆಯ ಕಾಲಂ ಪಟ್ಟಿ ಇರುವ ಹಾಳೆಗೆ, ಮಾಡದ ಮಣ್ಣು ಪರೀಕ್ಷೆಯನ್ನು ಹೆಸರಿಸಿದ ಹಾಳೆಗೆ ಸಹಿ ಹಾಕಿದ್ದು ಎಂಜಿನಿಯರ್. ಅದಕ್ಕೆ ಬೇರೆ ಯಾರೂ ಹೊಣೆಯಲ್ಲ.

ನೋಂದಣಿ ಸಂಖ್ಯೆ ಹಿಡಿದು ಹುಡುಕಿ ಕೊನೆಗೂ ಅವರ ಜೊತೆ ಮಾತಾಡಿದೆವು. "ನಾನು ಅನುಮತಿಗೋಸ್ಕರ ಸೀಲ್ ಹಾಕಿಕೊಟ್ಟಿದ್ದು ಅಷ್ಟೇ. ಡ್ರಾಯಿಂಗ್ ಮಾಡಿದ್ದು ಅವರ ಡ್ರಾಫ್ಟ್ಸ್‌ಮನ್" ಅಂದರು. ಕಂಟ್ರಾಕ್ಟರ್ ಮಾತು: "ಸೀಲ್ ಇದ್ದ ಡ್ರಾಯಿಂಗ್ ಪ್ರಕಾರವೇ ಕಟ್ಟಿದ್ದೇವೆ." ಮೂವರು ಸೇರಿ ಮಾಡಿದ ಕೆಲಸಕ್ಕೆ ಒಬ್ಬರೂ ದಿಕ್ಕಿಲ್ಲ. ಹೀಗಾಗಬಾರದು, ಹೆಸರಿರುವ ಒಬ್ಬ ಮನುಷ್ಯ ಉತ್ತರ ಕೊಡಲೇಬೇಕು ಅಂತಲೇ ಸೀಲಿನ ಪದ್ಧತಿ ಇರುವುದು. ಡ್ರಾಫ್ಟ್ಸ್‌ಮನ್ ಗೆರೆ ಎಳೆಯಲಿ, ಕಿರಿಯರು ಲೆಕ್ಕ ಹಾಕಲಿ, ಅಡ್ಡಿಯಿಲ್ಲ. ಆದರೆ ಆ ಕೆಲಸ ತನ್ನ ನೇರ ಉಸ್ತುವಾರಿಯಲ್ಲಿ ನಡೆದಿರಬೇಕು, ತಾನು ಪರಿಶೀಲಿಸಿರಬೇಕು, ಆಮೇಲೆ ಸೀಲ್. "ಬರೀ ಅನುಮತಿಗೆ" ಅಂತ ಇನ್ನೊಂದು ಜಾತಿಯ ಸೀಲ್ ಇಲ್ಲ. ಆ ಮಾತು ಕೇಳಿದಾಗ ನನಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ, ಯಾಕೆಂದರೆ ಆ ಬಾಲ್ಕನಿಯಲ್ಲಿ ನಮ್ಮ ಮಕ್ಕಳು ಆಡುತ್ತಿದ್ದರು.

ಇಂಥ ಸೀಲು ಎಷ್ಟು ದೂರ ಹೋಗಬಲ್ಲದು ಅನ್ನುವುದಕ್ಕೆ ಅಮೆರಿಕದ ಕ್ಯಾನ್ಸಸ್ ಸಿಟಿಯ ಹಯಾತ್ ರೀಜೆನ್ಸಿ ಹೋಟೆಲ್ ಇದೆ. 1981ರ ಜುಲೈ 17ರಂದು ಅಲ್ಲಿನ ತೂಗುಸೇತುವೆಯಂಥ ಎರಡು ನಡೆದಾರಿಗಳು ಜನರ ಮೇಲೆ ಕುಸಿದು 114 ಮಂದಿ ಸತ್ತರು. ಮೇಲಿನ ದಾರಿಯನ್ನೂ ಕೆಳಗಿನ ದಾರಿಯನ್ನೂ ಚಾವಣಿಯಿಂದ ಇಳಿಯುವ ಒಂದೇ ಉದ್ದ ಸರಳು ಹೊರಬೇಕೆಂದು ಮೂಲ ವಿನ್ಯಾಸದಲ್ಲಿತ್ತು. ಉಕ್ಕಿನ ಕೆಲಸದವರು ಅದನ್ನು ಎರಡು ತುಂಡು ಮಾಡಿದರು. ಕೆಳಗಿನ ದಾರಿ ಮೇಲಿನ ದಾರಿಯ ತೊಲೆಗೆ ನೇತುಬಿತ್ತು, ಆ ತೊಲೆಯ ನಟ್ಟಿನ ಮೇಲೆ ಭಾರ ಎರಡರಷ್ಟಾಯಿತು. ಆ ಬದಲಾವಣೆ ಇದ್ದ ಡ್ರಾಯಿಂಗ್ ಮೇಲೆ ಎಂಜಿನಿಯರ್‌ಗಳ ಪರಿಶೀಲನಾ ಮುದ್ರೆ ಇತ್ತು. ಯಾರೂ ಲೆಕ್ಕ ಮಾಡಿರಲಿಲ್ಲ. ಹೊಣೆ ಎಂಜಿನಿಯರ್‌ಗಳದ್ದೇ ಎಂದು ತೀರ್ಮಾನವಾಗಿ ಅವರ ಲೈಸೆನ್ಸ್ ಹೋಯಿತು. ಮನೆ ಚಿಕ್ಕದು, ಹಾಗಾಗಿ ಇಷ್ಟೆಲ್ಲ ಬೇಡ ಅನ್ನುವವರಿಗೆ ಹೇಳುವುದಿಷ್ಟೇ: ಮನೆಯಲ್ಲಿ ಜನ ಮಲಗಿರುತ್ತಾರೆ.

ನಮ್ಮ ಬಾಲ್ಕನಿಗೆ ಮೇಡಂ ಕಂಬಿ ನೋಡಿದ ದಿನವೇ ಕೆಳಗಿನಿಂದ ಜಾಕಿಯ ಆಸರೆ ಕೊಡಿಸಿದರು, ಹೂಕುಂಡಗಳನ್ನೆಲ್ಲ ಇಳಿಸಿದೆವು. ಈಗ ಹೊರ ಅಂಚಿಗೆ ಹೊಸ ಪಾಯದ ಮೇಲೆ ಎರಡು ಉಕ್ಕಿನ ಕಂಬ, ಅವುಗಳ ಮೇಲೊಂದು ತೊಲೆ. ಎರಡೂ ಕಡೆ ಆಧಾರ ಸಿಕ್ಕಮೇಲೆ ಸ್ಲ್ಯಾಬ್ ನಡುವೆ ಜಗ್ಗುತ್ತದೆ, ಅದನ್ನು ತಡೆಯುವಷ್ಟು ಕಂಬಿ ತಳದಲ್ಲಿದೆಯೇ ಎಂದು ಲೆಕ್ಕ ಮಾಡಿ ನೋಡಿಯೇ ಮೇಡಂ ಒಪ್ಪಿದರು. ಸುಮ್ಮನೆ ಒಂದು ಕಂಬ ಕೊಟ್ಟುಬಿಡಿ ಅನ್ನುವವರ ಮಾತು ಕೇಳಬೇಡಿ. ಪಾಯದ ಪಕ್ಕ ಅಗೆದು, ಮಣ್ಣು ಪರೀಕ್ಷೆ ಮಾಡಿಸಿದೆವು. ಅದು ಸರಿಯಾಗಿತ್ತು.

ನೀವು ಎಂಜಿನಿಯರ್‌ರನ್ನು ನೀವೇ ನೇಮಿಸಿ, ಹಣವನ್ನೂ ನೇರವಾಗಿ ಅವರಿಗೇ ಕೊಡಿ. ಕಂಟ್ರಾಕ್ಟರ್ ಕೈಯಿಂದ ಸಂಬಳ ಪಡೆಯುವವರು ಕಂಟ್ರಾಕ್ಟರ್‌ಗೆ ಬೇಡ ಅನ್ನುವುದು ಕಷ್ಟ. ಲೆಕ್ಕದ ಪ್ರತಿ ಕೇಳಿ; ನಿಮಗೆ ಅರ್ಥವಾಗದಿದ್ದರೂ ಪರವಾಗಿಲ್ಲ, ಅದು ಇದೆ ಅನ್ನುವುದೇ ಮುಖ್ಯ. "ಈ ಮನೆಯಲ್ಲಿ ನಿಮಗೆ ಹೆಚ್ಚು ಯೋಚನೆ ಹತ್ತಿಸಿದ ಜಾಗ ಯಾವುದು?" ಎಂದು ಕೇಳಿ ನೋಡಿ. ನಿಜವಾಗಿ ಲೆಕ್ಕ ಮಾಡಿದವರು ತಡವರಿಸದೆ ಮೆಟ್ಟಿಲೋ, ಉದ್ದದ ತೊಲೆಯೋ, ನೀರಿನ ಟ್ಯಾಂಕೋ ಅಂತ ತೋರಿಸುತ್ತಾರೆ. ಕಟ್ಟುವಾಗ ಒಂದು ಗೋಡೆ ಸರಿಸಿದರೂ, ಬಾಲ್ಕನಿ ಒಂದಡಿ ಹೆಚ್ಚಿಸಿದರೂ, ತಿದ್ದಿದ ಡ್ರಾಯಿಂಗ್ ಹೊಸ ತಾರೀಕು, ಹೊಸ ಸಹಿಯೊಂದಿಗೆ ಬರಬೇಕು. ಫೋನಿನಲ್ಲಿ "ಆಯ್ತು ಮಾಡಿ" ಅಂದದ್ದು ನಾಳೆ ಯಾರಿಗೂ ನೆನಪಿರುವುದಿಲ್ಲ. ಕಾಂಕ್ರೀಟ್ ಹಾಕುವ ಮೊದಲು ಕಂಬಿ ನೋಡಲು ಬರುವುದು ಒಪ್ಪಂದದಲ್ಲೇ ಬರೆದಿರಲಿ, ನೋಡಿ ಸಹಿ ಮಾಡುವವರೆಗೆ ಕಾಂಕ್ರೀಟ್ ಬೇಡ.

ಮತ್ತೆ, ಸೈಟಿನಲ್ಲಿ ಮೇಸ್ತ್ರಿ ಕೈಲಿದ್ದ ಡ್ರಾಯಿಂಗ್ ಪ್ರತಿಯನ್ನು ಎಸೆಯಬೇಡಿ. ಎಂಜಿನಿಯರ್‌ಗೆ ನೋಂದಣಿ ಕೊಟ್ಟ ಕಚೇರಿಗೆ ನಾವು ದೂರು ಕೊಟ್ಟಿದ್ದೇವೆ, ವಿಚಾರಣೆ ನಡೆಯುತ್ತಿದೆ. ಅಲ್ಲಿ ನಮ್ಮ ಪರವಾಗಿ ನಿಂತಿರುವುದು ಸಿಮೆಂಟ್ ಅಂಟಿದ, ಮಡಿಕೆಗಳಲ್ಲಿ ಹರಿದ ಆ ಹಾಳೆಯೇ: ಸೀಲ್ ಅದರ ಮೇಲಿದೆ, ಸಜ್ಜಾ ಸೆಕ್ಷನ್ ಪಕ್ಕದಲ್ಲಿ ಪೆನ್ಸಿಲ್‌ನಲ್ಲಿ "ಬಾಲ್ಕನಿಗೂ ಇದೇ" ಎಂದು ಬರೆದುಕೊಂಡದ್ದೂ ಇದೆ.