ಕಾಫಿ ಗಿಡಕ್ಕೆ ತಂದ ದೀಪ: ಎಂಟು ತಿಂಗಳ ಬಳಕೆಯ ಮೇಲೆ

ಒಳಾಂಗಣದಲ್ಲಿ ಗಿಡ ಬೆಳೆಸುವ ಎಲ್‌ಇಡಿ ದೀಪ ಇದು. 45 ವ್ಯಾಟ್, ಬಿಳಿ ಬೆಳಕು, ನಡುನಡುವೆ ಒಂದಿಷ್ಟು ಕೆಂಪು ಚುಕ್ಕಿ, ಮೇಜಿನ ಅಂಚಿಗೆ ಕಚ್ಚಿಸುವ ಕ್ಲಿಪ್ಪು, ಹೇಗೆ ಬೇಕಾದರೂ ಬಗ್ಗುವ ಕತ್ತು, ಬೆಳಕು ಏರಿಳಿಸಲು ಐದು ಹಂತ, ತಾನೇ ಹತ್ತಿ ಆರುವ ಟೈಮರ್. ಎಂಟು ತಿಂಗಳಿಂದ ನನ್ನ ನಾಲ್ಕು ಅರೇಬಿಕಾ ಸಸಿಗಳ ನೆತ್ತಿಯ ಮೇಲೆ ಉರಿಯುತ್ತಿದೆ. ಮೊದಲ ರಾತ್ರಿ ಕೋಣೆಗೆ ಬಂದ ಅತ್ತಿಗೆ, "ಏನಿದು, ಗಿಡಕ್ಕೆ ಆಪರೇಷನ್ನಾ?" ಅಂದಿದ್ದರು. ದೀಪಕ್ಕೆ ಐದಕ್ಕೆ ನಾಲ್ಕು ಕೊಡುತ್ತೇನೆ. ಡಬ್ಬಿಯೊಳಗೆ ಮಡಿಸಿಟ್ಟಿದ್ದ ಬಳಕೆಯ ಚೀಟಿಗೆ ಸೊನ್ನೆ. ಅದನ್ನು ನಂಬಿ ಎರಡು ಸಸಿ ಕಳೆದುಕೊಳ್ಳುವುದರಲ್ಲಿದ್ದೆ.

ಒಳ್ಳೆಯದನ್ನು ಮೊದಲು ಹೇಳಿಬಿಡುತ್ತೇನೆ. ಬೆಳಕು ಬಿಳಿಯಾಗಿರುವುದೇ ಇದರ ದೊಡ್ಡ ಗುಣ. ಹಿಂದೆ ಇದ್ದ ನೇರಳೆ ಬಣ್ಣದ ದೀಪದ ಕೆಳಗೆ ಎಲೆ ಹಳದಿಯಾಗಿದೆಯೋ ಹಸಿರಾಗಿದೆಯೋ ಒಂದೂ ತಿಳಿಯುತ್ತಿರಲಿಲ್ಲ. ಎಲ್ಲವೂ ಕಪ್ಪು. ಇದರಲ್ಲಿ ಎಲೆ ಬಿಳುಚಿಕೊಂಡರೆ ಅದೇ ದಿನ ಕಣ್ಣಿಗೆ ಬೀಳುತ್ತದೆ. ಬಿಸಿಯೂ ಅಷ್ಟಾಗಿ ಕಾರುವುದಿಲ್ಲ.

ಇನ್ನು ಆ ಚೀಟಿ. "ಗಿಡದಿಂದ 15 ಸೆಂ.ಮೀ. ಎತ್ತರದಲ್ಲಿಡಿ, ಐದನೇ ಹಂತ, ದಿನಕ್ಕೆ 16 ಗಂಟೆ." ಯಾವ ಗಿಡಕ್ಕೆ ಅಂತ ಇಲ್ಲ. ಟೊಮೆಟೊಗೆ ಇದು ಸರಿಹೋದೀತು. ಅರೇಬಿಕಾ ಇಥಿಯೋಪಿಯಾದ ಎತ್ತರದ ಕಾಡುಗಳಲ್ಲಿ ದೊಡ್ಡ ಮರಗಳ ಅಡಿಯಲ್ಲಿ, ಸೋಸಿ ಬಂದ ಬೆಳಕಿನಲ್ಲಿ ಬೆಳೆದ ಜಾತಿ. ನನ್ನ ಸಸಿಗಳೋ ದೀಪ ಬರುವ ಮೊದಲು ಒಂದು ವರ್ಷ ಕಿಟಕಿಯಿಂದ ದೂರದ ಮೂಲೆಯಲ್ಲಿದ್ದವು. ಎಲೆ ಅಗಲ, ತೆಳು, ಕಡುಹಸಿರು. ಗೆಣ್ಣಿನಿಂದ ಗೆಣ್ಣಿಗೆ ನಾಲ್ಕು ಬೆರಳು ಅಂತರ. ನೆರಳಿನಲ್ಲಿದ್ದ ಕಾಫಿ ಹೀಗೇ ಇರುತ್ತದೆ: ಸಿಕ್ಕಷ್ಟು ಬೆಳಕು ಹಿಡಿಯಲು ಎಲೆಯನ್ನು ಅಗಲ ಮಾಡಿಕೊಂಡು, ಕೈಯಲ್ಲಿರುವ ಸಾರಜನಕದಲ್ಲಿ ಹೆಚ್ಚು ಪಾಲನ್ನು ಬೆಳಕು ಹಿಡಿಯುವ ಕೆಲಸಕ್ಕೇ ಸುರಿಯುತ್ತದೆ. ಅಂಥ ಎಲೆಗಳ ಮೇಲೆ ಒಂದೇ ದಿನಕ್ಕೆ ಐದನೇ ಹಂತ ಬಿಟ್ಟೆ.

ನಾಲ್ಕನೇ ದಿನ ಮೇಲಿನ ಎಲೆಗಳು ಬಿಳುಚಿಕೊಂಡವು. ಕಂಪನಿಯ ಸಹಾಯವಾಣಿಗೆ ಫೋಟೋ ಕಳಿಸಿದೆ. "ಗಿಡ ಅಡ್ಜಸ್ಟ್ ಆಗ್ತಾ ಇದೆ, ಹಾಗೇ ಬಿಡಿ" ಎಂದು ಉತ್ತರ ಬಂತು. ಅರ್ಧ ಸತ್ಯ. ಗಿಡ ಹೊಂದಿಕೊಳ್ಳುತ್ತದೆ ನಿಜ, ಆದರೆ ಬಲಿತ ಎಲೆಗೆ ಆ ಸ್ವಾತಂತ್ರ್ಯ ಕಡಿಮೆ. ಎಲೆಯ ದಪ್ಪ, ಅಡಿಭಾಗದಲ್ಲಿ ಗಾಳಿಯಾಡುವ ಪತ್ರರಂಧ್ರಗಳ ಸಂಖ್ಯೆ ಎಲ್ಲ ಅದು ಬಿಚ್ಚಿಕೊಳ್ಳುವ ಹೊತ್ತಿಗೇ ತೀರ್ಮಾನವಾಗಿರುತ್ತದೆ. ಆಮೇಲೆ ಅದು ಮಾಡಬಹುದಾದದ್ದು ಒಳಗಿನ ರಿಪೇರಿ: ಬಳಸಲಾಗದ ಬೆಳಕನ್ನು ಶಾಖವಾಗಿ ಹೊರಹಾಕುವ ಹಳದಿ ವರ್ಣಕಗಳನ್ನು ಹೆಚ್ಚಿಸಿಕೊಳ್ಳುವುದು, ಸುಡುವುದನ್ನು ತಡೆಯುವ ಕಿಣ್ವಗಳನ್ನು ಕಟ್ಟಿಕೊಳ್ಳುವುದು. ಕಿಣ್ವ ಎಂದರೆ ಪ್ರೋಟೀನು, ಪ್ರೋಟೀನು ಎಂದರೆ ಸಾರಜನಕ. ಹೊಟ್ಟೆಗಿಲ್ಲದ ಎಲೆ ಏನನ್ನು ಕಟ್ಟೀತು?

ಇದನ್ನು ನಾನು ಓದಿ ತಿಳಿದದ್ದಕ್ಕಿಂತ ನನ್ನ ಸೋಮಾರಿತನದಿಂದ ಕಲಿತದ್ದೇ ಹೆಚ್ಚು. ನಾಲ್ಕರಲ್ಲಿ ಎರಡು ಸಸಿಗಳನ್ನು ಮಣ್ಣು, ಕಾಂಪೋಸ್ಟು, ನಿಧಾನಕ್ಕೆ ಕರಗುವ ಗೊಬ್ಬರದ ಗುಳಿಗೆ ಬೆರೆಸಿದ ಕುಂಡಕ್ಕೆ ಬದಲಿಸಿದ್ದೆ. ಉಳಿದೆರಡು "ನಾಳೆ ಮಾಡೋಣ" ಎಂಬ ಲೆಕ್ಕದಲ್ಲಿ ಬರೀ ಕೊಕೊಪೀಟ್‌ನಲ್ಲೇ, ಅಂದರೆ ತೆಂಗಿನ ನಾರಿನ ಪುಡಿಯಲ್ಲೇ, ಉಳಿದಿದ್ದವು. ಕೊಕೊಪೀಟ್ ನೀರು ಹಿಡಿಯುತ್ತದೆ, ಊಟ ಹಾಕುವುದಿಲ್ಲ. ಒಂದೇ ದೀಪ, ಒಂದೇ ಎತ್ತರ. ಗೊಬ್ಬರವಿದ್ದವು ಒಂದು ವಾರ ಮಂಕಾಗಿ ಆಮೇಲೆ ಚೇತರಿಸಿಕೊಂಡವು. ಇಲ್ಲದವುಗಳ ಕೆಳಗಿನ ಹಳೆಯ ಎಲೆಗಳು ಪೂರ್ತಿ ಹಳದಿಯಾದವು, ಏಕೆಂದರೆ ಸಾರಜನಕ ಸಾಲದೆ ಬಂದಾಗ ಗಿಡ ಹಳೆಯ ಎಲೆಯಿಂದ ಕಿತ್ತು ಚಿಗುರಿಗೆ ಕೊಡುತ್ತದೆ. ಮೇಲಿನವು ದೀಪಕ್ಕೆ ಮುಖ ಮಾಡಿದ ಕಡೆಯೆಲ್ಲ ಬಿಳಿಚಿದವು. ಒಂದು ಎಲೆಯನ್ನು ಪಕ್ಕಕ್ಕೆ ಸರಿಸಿ ನೋಡಿದರೆ ಅದರಡಿಯ ಎಲೆಯ ಮೇಲೆ ಹಸಿರು ಬಣ್ಣದಲ್ಲಿ ಮೇಲಿನ ಎಲೆಯ ಅಚ್ಚು! ತುದಿಯ ಚೂಪು ಸಮೇತ. ನೆರಳು ಬಿದ್ದಷ್ಟು ಜಾಗ ಮಾತ್ರ ಉಳಿದುಕೊಂಡಿತ್ತು.

ದೀಪವನ್ನು ಎರಡನೇ ಹಂತಕ್ಕಿಳಿಸಿ, 40 ಸೆಂ.ಮೀ. ಎತ್ತರಕ್ಕೇರಿಸಿ, ದಿನಕ್ಕೆ 12 ಗಂಟೆ ಮಾತ್ರ ಉರಿಸಿದೆ. ಸೊರಗಿದ ಎರಡಕ್ಕೆ ವಾರಕ್ಕೊಮ್ಮೆ ದ್ರವ ಗೊಬ್ಬರ, ಬಾಟಲಿಯಲ್ಲಿ ಹೇಳಿದ್ದರ ಅರ್ಧ ಪ್ರಮಾಣ. ಆಸೆಬುರುಕತನಕ್ಕೆ ಎರಡು ಸಲ ಪೂರ್ತಿ ಡೋಸ್ ಹಾಕಿ ಎಲೆಯ ಅಂಚು ಕಂದು ಮಾಡಿಕೊಂಡದ್ದೂ ಉಂಟು. ಕುಂಡದ ತಳದಿಂದ ಸುರಿಯುವಷ್ಟು ನೀರು ಹಾಯಿಸಿ ಗೊಬ್ಬರದ ಉಪ್ಪು ತೊಳೆಯಬೇಕಾಯಿತು. ನಡುವೆ ಒಮ್ಮೆ ಹೊಸ ಚಿಗುರು ಹಳದಿಯಾಗಿ ನರಗಳು ಮಾತ್ರ ಹಸಿರಾಗಿ ಉಳಿದವು. ಇದು ಸಾರಜನಕದ ಹಸಿವಲ್ಲ, ಕಬ್ಬಿಣದ್ದು. ಗಡಸು ನೀರು ಹಾಕಿ ಹಾಕಿ ಕುಂಡದ ಹುಳಿ ಕಡಿಮೆಯಾದರೆ ಕಬ್ಬಿಣ ಅಲ್ಲೇ ಇದ್ದರೂ ಬೇರಿಗೆ ದಕ್ಕುವುದಿಲ್ಲ. ಮಳೆನೀರಿಗೆ ಬದಲಿಸಿದ ಮೇಲೆ ಬಂದ ಚಿಗುರು ಸರಿಯಾಗಿತ್ತು.

ಆರು ವಾರ ಕಳೆದು ಹೊಸ ಎಲೆಗಳ ಜೋಡಿ ಬಂತು. ಹಳೆಯದಕ್ಕಿಂತ ಚಿಕ್ಕದು, ಬೆರಳಲ್ಲಿ ಹಿಡಿದರೆ ದಪ್ಪ ಗೊತ್ತಾಗುತ್ತದೆ, ಮೇಣ ಸವರಿದ ಹೊಳಪು. ಎಲೆಯ ಅಡಿಯಲ್ಲಿ ನಡುನರದಿಂದ ಪಕ್ಕದ ನರ ಒಡೆಯುವ ಸಂದಿನಲ್ಲಿ ಒಂದೊಂದು ಪುಟ್ಟ ಗುಳಿ ಇರುತ್ತದಲ್ಲ, ಅದನ್ನು ರೋಗ ಅಂದುಕೊಂಡು ಭೂತಗನ್ನಡಿ ಹಿಡಿದು ಅರ್ಧ ಗಂಟೆ ಕೂತಿದ್ದೆ. ರೋಗವಲ್ಲ, ಕಾಫಿ ಎಲೆ ಇರುವುದೇ ಹಾಗೆ. ಈಗ ಕಾಂಡವನ್ನು ಕೆಳಗಿನಿಂದ ಮೇಲಕ್ಕೆ ನೋಡಿದರೆ ದೀಪ ಬಂದ ದಿನ ಯಾವ ಗೆಣ್ಣಿನ ಬಳಿ ಎಂದು ಬೆರಳಿಟ್ಟು ತೋರಿಸಬಹುದು: ನಾಲ್ಕು ಬೆರಳಿನ ಅಂತರ ಅಲ್ಲಿಂದ ಎರಡಕ್ಕೆ ಇಳಿದಿದೆ.

ತಯಾರಕರ ಮೇಲೆ ಇನ್ನೊಂದು ದೂರು. ಡಬ್ಬಿಯ ಮೇಲೆ ಬೆಳಕನ್ನು ಲಕ್ಸ್‌ನಲ್ಲಿ ಮಾತ್ರ ಹಾಕಿದ್ದಾರೆ. ಲಕ್ಸ್ ನಮ್ಮ ಕಣ್ಣಿಗೆ ಹೊಂದಿಸಿದ ಅಳತೆ. ಗಿಡಕ್ಕೆ ಬೇಕಾದದ್ದು ಚದರ ಮೀಟರಿಗೆ, ಸೆಕೆಂಡಿಗೆ ಎಷ್ಟು ಮೈಕ್ರೋಮೋಲ್ ಎಂಬ ಲೆಕ್ಕ, ಅಂದರೆ ಬೀಳುವ ಬೆಳಕಿನ ಕಣಗಳ ಎಣಿಕೆ. ನಡು ಮಧ್ಯಾಹ್ನದ ಬಿಸಿಲು ಸುಮಾರು 2,000 ಇದ್ದರೆ, ಕಾಫಿಯ ಒಂದು ಎಲೆಗೆ 300ರಿಂದ 700ರೊಳಗೇ ಹೊಟ್ಟೆ ತುಂಬುತ್ತದೆ. ನೆರಳಿನ ಎಲೆಗೆ ಇನ್ನೂ ಬೇಗ. ಹಾಗೆಂದು ಕಾಫಿಗೆ ಬಿಸಿಲೇ ಆಗದು ಅಂತಲ್ಲ. ಬ್ರೆಜಿಲ್‌ನಲ್ಲಿ ಬಹುಪಾಲು ಕಾಫಿ ಬಟಾಬಯಲಲ್ಲೇ ನಿಂತಿದೆ, ಆದರೆ ಅಲ್ಲಿ ಗೊಬ್ಬರವನ್ನೂ ಧಾರಾಳವಾಗಿ ಹಾಕುತ್ತಾರೆ. ದಟ್ಟವಾದ ಗಿಡದಲ್ಲಿ ಒಳಗಿನ ಎಲೆಗೆ ಹೊರಗಿನ ಎಲೆಯೇ ನೆರಳು. ಒಂಟಿ ಕಾಂಡದ ನನ್ನ ಸಸಿಗೆ ಆ ಆಸರೆ ಇಲ್ಲ.

ಕೊಳ್ಳುವುದಾದರೆ ಧೈರ್ಯವಾಗಿ ಕೊಳ್ಳಿ, ಚೀಟಿ ಎಸೆದುಬಿಡಿ. ಗೊಬ್ಬರ ಹಾಕಿ ಎರಡು ವಾರ ಬಿಟ್ಟು ದೀಪ ಹಚ್ಚಿ. ಒಂದು ಹಂತ ಏರಿಸಿದರೆ ಹೊಸ ಜೋಡಿ ಎಲೆ ಬಿಚ್ಚುವವರೆಗೆ ಮುಂದಿನ ಗುಂಡಿ ಮುಟ್ಟಬೇಡಿ. ಹಳೆಯ ಎಲೆ ನೋಡಿ ತೀರ್ಪು ಕೊಡಬೇಡಿ. ಕರೆಂಟು ಹೋಗಿ ಬಂದರೆ ಟೈಮರ್ ಎಲ್ಲ ಮರೆತು ಮೊದಲಿನಿಂದ ಎಣಿಸುತ್ತದೆ, ನೆನಪಿರಲಿ. ಒಂದು ಅಂಕ ಕಳೆದದ್ದು ದೀಪದ ಬಗ್ಗುವ ಕತ್ತಿನ ಸಲುವಾಗಿ. ಆರನೇ ತಿಂಗಳಿಗೆ ಸಡಿಲವಾಗಿ, ರಾತ್ರಿ ಬೆಳಗಾಗುವುದರೊಳಗೆ 40 ಸೆಂ.ಮೀ.ನಿಂದ 28ಕ್ಕೆ ಬಾಗಿ ನಿಂತಿತ್ತು. ಈಗ ಗೋಡೆಯ ಮೊಳೆಗೆ ದಾರ ಕಟ್ಟಿ ಎಳೆದಿಟ್ಟಿದ್ದೇನೆ. ದೀಪ ಮೂರನೇ ಹಂತದಲ್ಲಿದೆ.